ದೊಡ್ಡ ಸ್ವಾಮಿಯವರು

ಹಾಸನ ಜಿಲ್ಲೆಯ ಇತಿಹಾಸ ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುವು ಬೇಲೂರು ಹಳೇಬೀಡುಗಳ ಶಿಲ್ಪಗಳು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಾಹುಬಲಿಯ ಮಹಾಮೂರ್ತಿ. ಅವನ್ನು ಮಾಡಿಸಿದವರು ಅರಸರು ಮತ್ತು ದಂಡನಾಯಕರು. ಆದರೆ ನಾಡಿನ ಚರಿತ್ರೆಯೆಲ್ಲವೂ ಕಲ್ಲಿನಲ್ಲಿಯೇ ಉಳಿಯುವುದಿಲ್ಲ. ಬೀಳುಬಿದ್ದ ನೆಲವನ್ನು ಹೊಲವಾಗಿಸಿದ ದುಡಿಮೆಯಲ್ಲಿ, ಸಾಂಕ್ರಾಮಿಕ ರೋಗದ ಬಾಯಿಂದ ಉಳಿದ ಮಕ್ಕಳ ತೋಳಿನ ಮೇಲಣ ಸಣ್ಣ ಕಲೆಯಲ್ಲಿ ಕೂಡ ಅದು ಉಳಿದಿರುತ್ತದೆ. ಹಾಸನದ ಸಮೀಪದ ಸಾತಳ್ಳಿ ಎಂಬ ಗ್ರಾಮ ಅಂಥ ಚರಿತ್ರೆಗೆ ಸಾಕ್ಷಿಯಾಗಿದೆ. ಅಲ್ಲಿ ಬೇಸಾಯದ ನೆಲೆಯೊಂದನ್ನು ಸ್ಥಾಪಿಸಿದವರು ಫ್ರಾನ್ಸ್ ದೇಶದಿಂದ ಬಂದ ಒಬ್ಬ ಪಾದ್ರಿ. ಅವರೇ ಅಬೆ ದುಬ್ವಾ. ಜನ ಅವರನ್ನು ಕರೆದದ್ದು ದೊಡ್ಡ ಸ್ವಾಮಿಯವರು ಎಂದು.

ಅವರ ಪೂರ್ಣ ಹೆಸರು ಜ್ಯಾಂ ಆಂತ್ವಾನ್ ದುಬ್ವಾ. ಅಬೆ ಎಂಬುದು ಫ್ರೆಂಚರು ಪಾದ್ರಿಗಳ ಹೆಸರಿನ ಮುಂದೆ ಗೌರವದಿಂದ ಸೇರಿಸುವ ಪದ. ಫ್ರಾನ್ಸಿನ ದಕ್ಷಿಣ ಭಾಗದ ಆರ್ದೇಶ್ ಪ್ರಾಂತದ ಸೇನ್ ರೆಮೇಜ್ ಎಂಬ ಹಳ್ಳಿ ಅವರ ಹುಟ್ಟೂರು. ಅವರು ಹುಟ್ಟಿದ್ದು 1766ರ ಸುಮಾರಿಗೆ. ಅವರ ಯೌವನದ ದಿನಗಳು ಫ್ರಾನ್ಸಿನ ಪಾಲಿಗೆ ಬಿರುಗಾಳಿಯ ದಿನಗಳಾಗಿದ್ದವು. 1789ರಲ್ಲಿ ಅಲ್ಲಿ ಮಹಾಕ್ರಾಂತಿ ಆರಂಭವಾಯಿತು. ಅರಸನ ಅಧಿಕಾರ ಅಲುಗಾಡಿತು. ಮಠಗಳು ಮುಚ್ಚಿದವು, ಚರ್ಚಿನ ಆಸ್ತಿ ಸರ್ಕಾರದ ವಶವಾಯಿತು. ಹೊಸ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದ ಪಾದ್ರಿಗಳು ದೇಶಭ್ರಷ್ಟರಾಗಬೇಕಾಯಿತು. ಅಂಥ ಕಾಲದಲ್ಲಿ, 1792ರಲ್ಲಿ, ದುಬ್ವಾ ಪಾದ್ರಿಯ ದೀಕ್ಷೆಯನ್ನು ಪಡೆದರು. ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಸದಸ್ಯರಾಗಿ ಅದೇ ವರ್ಷದ ಜೂನ್ ತಿಂಗಳಲ್ಲಿ ಭಾರತದ ಕಡೆಗೆ ಹಡಗು ಹತ್ತಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಮುಂದೆ ಮೂವತ್ತು ವರ್ಷಗಳವರೆಗೆ ಅವರು ಸ್ವದೇಶದ ಮುಖವನ್ನು ನೋಡಲಿಲ್ಲ.

ಅವರು ಮೊದಲು ಬಂದು ಸೇರಿದ್ದು ಫ್ರೆಂಚರ ವಸಾಹತಾಗಿದ್ದ ಪುದುಚೇರಿಯನ್ನು. ಮರುವರ್ಷವೇ ಆ ಪಟ್ಟಣ ಇಂಗ್ಲಿಷರ ವಶವಾಯಿತು. ಹೀಗೆ ಬಿಟ್ಟುಬಂದ ದೇಶದಲ್ಲಿ ಕ್ರಾಂತಿ, ಬಂದು ನಿಂತ ನೆಲದಲ್ಲಿ ಯುದ್ಧ ಎಂಬಂತಾಯಿತು ಅವರ ಸ್ಥಿತಿ. ಆದರೆ ಅವರು ಎದೆಗುಂದಲಿಲ್ಲ. ದಕ್ಷಿಣದ ತಮಿಳು ಸೀಮೆಯ ಹಳ್ಳಿಗಳಲ್ಲಿ ಸಂಚರಿಸಿ ತಮಿಳನ್ನು ಕಲಿತರು. ಮುಂದೆ ಮೈಸೂರು ಸೀಮೆಯಲ್ಲಿ ನೆಲೆಸಿದಾಗ ಕನ್ನಡವೂ ಅವರ ಬಳಕೆಯ ಭಾಷೆಯಾಯಿತು. ಜನರ ನಡುವೆ ಬದುಕಬೇಕಾದವನು ಜನರಂತೆಯೇ ಬದುಕಬೇಕು ಎಂಬುದು ಅವರ ನಿಶ್ಚಯವಾಗಿತ್ತು. ಯೂರೋಪಿನ ಉಡುಪನ್ನು ತೊರೆದು ನಿಲುವಂಗಿ ಮತ್ತು ರುಮಾಲನ್ನು ಧರಿಸಿದರು. ಮಾಂಸಾಹಾರವನ್ನು ಬಿಟ್ಟು ಈ ನಾಡಿನ ಸರಳ ಊಟಕ್ಕೆ ಒಗ್ಗಿಕೊಂಡರು. ತಮ್ಮ ದೇಶದವರ ಸಹವಾಸವನ್ನು ಆದಷ್ಟೂ ಕಡಮೆ ಮಾಡಿಕೊಂಡರು. ಜನ ಸಂಕೋಚವಿಲ್ಲದೆ ತಮ್ಮೊಡನೆ ಮಾತನಾಡಬೇಕಾದರೆ ಇದೇ ದಾರಿ ಎಂದು ಅವರು ತಿಳಿದಿದ್ದರು. ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಅವರ ಭಾವಚಿತ್ರವೊಂದು ಉಳಿದು ಬಂದಿದೆ. ನೀಳವಾದ ಬಿಳಿಯ ಗಡ್ಡ, ತಲೆಗೆ ರುಮಾಲು, ಕೈಯಲ್ಲಿ ಕೋಲು ಇರುವ ಆ ವ್ಯಕ್ತಿಯನ್ನು ನೋಡಿದವರು ಈತ ಪರದೇಶದವನೆಂದು ಥಟ್ಟನೆ ಹೇಳಲಾರರು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ಕೈವಶವಾಯಿತು. ಟಿಪ್ಪು ಸುಲ್ತಾನನು ರಣರಂಗದಲ್ಲಿ ಮಡಿದನು. ಮೈಸೂರಿನ ಸಿಂಹಾಸನವು ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂದಿತು. ದಿವಾನ್ ಪೂರ್ಣಯ್ಯನವರು ರಾಜ್ಯಭಾರದ ಹೊಣೆಯನ್ನು ಹೊತ್ತರು. ಯುದ್ಧ ಮುಗಿದಿತ್ತು, ಆದರೆ ಯುದ್ಧದಿಂದ ಚೆದುರಿದ ಸಂಸಾರಗಳ ಗೋಳು ಮುಗಿದಿರಲಿಲ್ಲ. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದಿದ್ದ ಕ್ರೈಸ್ತ ಕುಟುಂಬಗಳು ಶ್ರೀರಂಗಪಟ್ಟಣದ ಸುತ್ತಮುತ್ತ ದಿಕ್ಕಿಲ್ಲದೆ ಇದ್ದವು. ಬಲವಂತವಾಗಿ ಮತವನ್ನು ಬದಲಾಯಿಸಿಕೊಂಡಿದ್ದವರು ಅವರಲ್ಲಿ ಅನೇಕರು. ಅವರನ್ನು ಒಟ್ಟುಗೂಡಿಸಿ ಸಂತೈಸಬಲ್ಲ ಒಬ್ಬ ಪಾದ್ರಿ ಬೇಕಾಗಿದ್ದರು. ಆಗ ಅಲ್ಲಿ ಸೇನಾಧಿಪತಿಯಾಗಿದ್ದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ತಿಗೆಲ್ಲ ಹೆಸರಾದವನು ಈತನೇ. ಫ್ರೆಂಚರೊಡನೆ ಇಂಗ್ಲಿಷರಿಗೆ ಬದ್ಧ ವೈರವಿದ್ದ ಆ ಕಾಲದಲ್ಲಿಯೂ ಈತನ ಶಿಫಾರಸಿನ ಮೇರೆಗೆ ಫ್ರೆಂಚ್ ಪಾದ್ರಿಯಾದ ದುಬ್ವಾ ಮೈಸೂರು ಸೀಮೆಗೆ ಬಂದರು. ಅವರ ನಡತೆಯ ಬಗೆಗೆ ಎದುರು ಪಕ್ಷದವರಿಗೂ ಎಂಥ ವಿಶ್ವಾಸವಿತ್ತೆಂಬುದು ಇದರಿಂದ ತಿಳಿಯುತ್ತದೆ.

ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿ ಅವರ ಮುಖ್ಯ ನಿವಾಸವಾಯಿತು. ಅಲ್ಲಿಂದ ಅವರು ಸೀಮೆಯ ನಾನಾ ಭಾಗಗಳಿಗೆ ಪ್ರಯಾಣ ಮಾಡುತ್ತಿದ್ದರು. ಹೋದ ಕಡೆಯಲ್ಲೆಲ್ಲ ಅವರ ಕಣ್ಣಿಗೆ ಬಿದ್ದದ್ದು ಬಡತನ. ಭೂಮಿಯನ್ನೂ ಕಸುಬನ್ನೂ ಕಳೆದುಕೊಂಡವನಿಗೆ ಬರಿಯ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ. ಇದನ್ನು ಮನಗಂಡ ದುಬ್ವಾ ಬಡ ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಲು ಮುಂದಾದರು. ಹಾಸನದ ಸಮೀಪದ ಸಾತಳ್ಳಿಯ ನೆಲೆ ಅವುಗಳಲ್ಲಿ ಪ್ರಸಿದ್ಧವಾದುದು. ಹಾಸನ, ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳ ಈ ಪ್ರದೇಶ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಪಡುವಣ ಬೆಟ್ಟಗಳಲ್ಲಿ ಹುಟ್ಟಿದ ಹೇಮಾವತಿ ನದಿ ಈ ಸೀಮೆಯಲ್ಲಿ ಹರಿದು ಕಾವೇರಿಯನ್ನು ಸೇರುತ್ತದೆ. ಕೆರೆಯ ಕೆಳಗೆ ಬತ್ತ, ಹೊಲದಲ್ಲಿ ರಾಗಿ, ಹಿತ್ತಿಲಲ್ಲಿ ಅವರೆ ಎಂಬ ಬಾಳು ಇಲ್ಲಿಯದು. ಕೈಚಾಚಿ ಬೇಡುವವನಿಗೆ ಒಂದು ಹೊತ್ತಿನ ಅನ್ನ ದೊರೆತೀತು. ಉಳುವ ನೆಲ ದೊರೆತವನಿಗೆ ಅನ್ನದ ಜೊತೆಗೆ ಮಾನವೂ ದೊರೆಯುತ್ತದೆ. ಸಾತಳ್ಳಿಯ ನೆಲೆಯ ಹಿರಿಮೆ ಇರುವುದು ಇದರಲ್ಲಿಯೇ.

ದುಬ್ವಾ ಅವರ ಸೇವೆ ತಮ್ಮ ಮತದವರಿಗೆ ಮಾತ್ರ ಸೀಮಿತವಾಗಿದ್ದಿತೆಂದು ತಿಳಿಯಬಾರದು. ಅವರ ಬಾಳಿನ ಅತ್ಯಂತ ದೊಡ್ಡ ಕಾರ್ಯ ಜಾತಿಮತಗಳ ಎಲ್ಲೆಯನ್ನು ಮೀರಿದುದು. ಅದೇ ಸಿಡುಬಿನ ವಿರುದ್ಧ ಅವರು ನಡೆಸಿದ ಹೋರಾಟ.

ಇಂದಿನ ವಿದ್ಯಾರ್ಥಿಗಳಿಗೆ ಸಿಡುಬು ಎಂಬುದು ಪುಸ್ತಕದಲ್ಲಿ ಕಾಣುವ ಮಾತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗವು ಲೋಕದಿಂದಲೇ ತೊಲಗಿತೆಂದು ಸಾರಿತು. ಆದರೆ ಇನ್ನೂರು ವರ್ಷಗಳ ಹಿಂದೆ ಸಿಡುಬಿನ ಹೆಸರನ್ನು ಹೇಳಲು ಕೂಡ ಜನ ಹೆದರುತ್ತಿದ್ದರು. ಅಮ್ಮ ಬಂದಿದ್ದಾಳೆ ಎಂದು ಹೇಳಿ ಮನೆಯ ಬಾಗಿಲಿಗೆ ಬೇವಿನ ಸೊಪ್ಪನ್ನು ಕಟ್ಟುತ್ತಿದ್ದರು. ರೋಗ ತಗುಲಿದವರಲ್ಲಿ ಅನೇಕರು ಸಾಯುತ್ತಿದ್ದರು. ಬದುಕಿದವರಲ್ಲಿ ಕೆಲವರು ಕಣ್ಣನ್ನು ಕಳೆದುಕೊಳ್ಳುತ್ತಿದ್ದರು. 1796ರಲ್ಲಿ ಎಡ್ವರ್ಡ್ ಜೆನ್ನರ್ ಎಂಬ ಇಂಗ್ಲೆಂಡಿನ ವೈದ್ಯನು ಇದಕ್ಕೆ ಒಂದು ಉಪಾಯವನ್ನು ಪರೀಕ್ಷಿಸಿ ನೋಡಿದನು. ಹಸುವಿನ ಕೆಚ್ಚಲಿನ ಮೇಲೆ ಏಳುವ ಒಂದು ಬಗೆಯ ಗುಳ್ಳೆಯ ರಸವನ್ನು ಮನುಷ್ಯನ ತೋಳಿಗೆ ತಾಕಿಸಿದರೆ ಅವನಿಗೆ ಸಿಡುಬು ತಗಲುವುದಿಲ್ಲವೆಂದು ತೋರಿಸಿಕೊಟ್ಟನು. ನಮ್ಮಲ್ಲಿ ದಾಕು ಹಾಕುವುದು ಎಂದು ಹೆಸರಾದದ್ದು ಇದೇ.

ಆ ರಸವನ್ನು ಭಾರತಕ್ಕೆ ತರುವುದು ಸುಲಭವಾಗಿರಲಿಲ್ಲ. ತಂಪಾಗಿಡುವ ಯಂತ್ರಗಳು ಆಗ ಇರಲಿಲ್ಲ. ಬಿಸಿಲಿಗೆ ರಸದ ಶಕ್ತಿ ಕುಂದಿಹೋಗುತ್ತಿತ್ತು. ಆದ್ದರಿಂದ ಒಬ್ಬರ ತೋಳಿಗೆ ದಾಕು ಹಾಕಿ, ಎಂಟನೆಯ ದಿನದ ಹೊತ್ತಿಗೆ ಏಳುವ ಗುಳ್ಳೆಯಿಂದ ರಸವನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಾಗಿತ್ತು. ಹೀಗೆ ತೋಳಿನಿಂದ ತೋಳಿಗೆ ಸಾಗಿ, ಬಾಗ್ದಾದ್ ಮತ್ತು ಬಸ್ರಾ ಪಟ್ಟಣಗಳ ಮಾರ್ಗವಾಗಿ ಅದು ಮುಂಬಯಿಯನ್ನು ಮುಟ್ಟಿತು. 1802ರ ಜೂನ್ 14ರಂದು ಅಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಬಾಲಕಿಗೆ ಹಾಕಿದ ದಾಕು ಭಾರತದಲ್ಲಿ ಮೊದಲ ಬಾರಿಗೆ ಫಲಿಸಿತು. ಅಲ್ಲಿಂದ ದೇಶದ ಇತರ ಭಾಗಗಳಿಗೂ ಈ ಸರಪಳಿಯೇ ಮುಂದುವರಿಯಿತು. ಎಲ್ಲಿ ಒಬ್ಬನು ಒಪ್ಪದೆ ಹಿಂಜರಿದರೂ ಸರಪಳಿ ಅಲ್ಲಿಗೇ ಕಡಿದುಹೋಗುವ ಭಯವಿತ್ತು.

ಮೈಸೂರು ಸೀಮೆಯಲ್ಲಿ ಜನ ಸುಲಭವಾಗಿ ಒಪ್ಪಲಿಲ್ಲ. ಹಾಗೆ ಒಪ್ಪದಿರುವುದು ಸಹಜವೇ ಆಗಿತ್ತು. ಆರೋಗ್ಯವಾಗಿರುವ ಮಗುವಿನ ತೋಳನ್ನು ಗೀರಿ, ಇನ್ನಾರದೋ ಮೈಯ ಗುಳ್ಳೆಯ ರಸವನ್ನು ಸೇರಿಸಲು ಯಾವ ತಾಯಿ ತಾನೆ ಒಪ್ಪಿಯಾಳು? ಜಾತಿ ಕೆಟ್ಟೀತೆಂಬ ಅಂಜಿಕೆ ಒಂದು ಕಡೆ, ಅಮ್ಮ ಮುನಿದಾಳೆಂಬ ಅಂಜಿಕೆ ಇನ್ನೊಂದು ಕಡೆ. ಹೊಸದಾಗಿ ಬಂದ ಬಿಳಿಯರ ಆಡಳಿತದ ಮೇಲೆ ಶಂಕೆ ಬೇರೆ. ಇಂಥ ಸ್ಥಿತಿಯಲ್ಲಿ ಸರ್ಕಾರದ ಅಪ್ಪಣೆಯಿಂದ ಆಗದ ಕಾರ್ಯ ನಂಬಿಕೆಗೆ ಪಾತ್ರನಾದ ಒಬ್ಬ ಮನುಷ್ಯನಿಂದ ಆಯಿತು. ದುಬ್ವಾ ಜನರ ಭಾಷೆಯನ್ನು ಬಲ್ಲವರು. ಜನ ಉಣ್ಣುವುದನ್ನು ಉಂಡವರು. ಹತ್ತು ವರ್ಷ ಅವರು ಗಳಿಸಿದ್ದ ವಿಶ್ವಾಸ ಈಗ ಉಪಯೋಗಕ್ಕೆ ಬಂದಿತು. 1803 ಮತ್ತು 1804ರ ಅವಧಿಯಲ್ಲಿ ಅವರ ಪ್ರಯತ್ನದಿಂದ 25,432 ಮಂದಿಗೆ ದಾಕು ಹಾಕಲಾಯಿತೆಂದು ದಾಖಲೆಯಾಗಿದೆ. ಎತ್ತಿನ ಗಾಡಿ ಮತ್ತು ಕಾಲುನಡಿಗೆಯ ಆ ಕಾಲದಲ್ಲಿ ಇದು ಸಾಮಾನ್ಯವಾದ ಸಂಖ್ಯೆಯಲ್ಲ. ಅದೇ ಕಾಲದಲ್ಲಿ ಮೈಸೂರಿನ ಅರಮನೆಯೂ ದಾಕಿಗೆ ಬೆಂಬಲ ನೀಡಿತು. 1805ರ ಸುಮಾರಿಗೆ ಥಾಮಸ್ ಹಿಕಿಯೇ ಬರೆದ ಮೂವರು ರಾಜಮನೆತನದ ಸ್ತ್ರೀಯರ ವರ್ಣಚಿತ್ರವೊಂದಿದೆ. ದಾಕು ಹಾಕಿಸಿಕೊಂಡ ತೋಳನ್ನು ತೋರಿಸಿ ಪ್ರಜೆಗಳಿಗೆ ಧೈರ್ಯ ಹೇಳುವುದೇ ಆ ಚಿತ್ರದ ಉದ್ದೇಶವೆಂದು ಈಚಿನ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಆದರೆ ದುಬ್ವಾ ಅವರ ಹೆಸರು ಲೋಕದಲ್ಲಿ ಹರಡಿದ್ದು ಸಾತಳ್ಳಿಯಿಂದಲೂ ಅಲ್ಲ, ದಾಕಿನಿಂದಲೂ ಅಲ್ಲ, ಒಂದು ಪುಸ್ತಕದಿಂದ. ಹಿಂದೂಗಳ ನಡೆನುಡಿ, ಆಚಾರ, ಸಂಸ್ಕಾರಗಳನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಬರೆದ ದೊಡ್ಡ ಹಸ್ತಪ್ರತಿಯೊಂದನ್ನು ಅವರು 1806ರಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನಿಗೆ ಒಪ್ಪಿಸಿದರು. ಮುಂದೆ ಮೈಸೂರಿನ ಇತಿಹಾಸವನ್ನು ಬರೆದು ಹೆಸರಾದ ವಿಲ್ಕ್ಸ್ ಅದನ್ನು ಮೆಚ್ಚಿಕೊಂಡನು. ಮದರಾಸಿನ ಗವರ್ನರನಾಗಿದ್ದ ವಿಲಿಯಂ ಬೆಂಟಿಂಕನು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಅದನ್ನು 2,000 ನಕ್ಷತ್ರ ವರಹಗಳಿಗೆ ಕೊಳ್ಳುವ ಏರ್ಪಾಡು ಮಾಡಿದನು. ಅಂದಿನ ಲೆಕ್ಕದಲ್ಲಿ ಅದು ಸುಮಾರು 7,000 ರೂಪಾಯಿ. ದೇಶವನ್ನು ಆಳಬೇಕಾದ ತಮ್ಮ ಅಧಿಕಾರಿಗಳು ಮೊದಲು ಅಲ್ಲಿಯ ಜನರನ್ನು ಅರಿಯಬೇಕು ಎಂಬುದು ಕಂಪನಿಯ ಆಲೋಚನೆಯಾಗಿತ್ತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ದುಬ್ವಾ ಅಷ್ಟರಲ್ಲಿ ಮೂಲವನ್ನು ತಿದ್ದಿ ಬೆಳೆಸಿದ್ದರು. ಹಾಗೆ ಬೆಳೆದ ಫ್ರೆಂಚ್ ಮೂಲ 1825ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾಯಿತು. ಅದನ್ನು ಆಧರಿಸಿ ಹೆನ್ರಿ ಬೋಶಾಂಪ್ ಸಿದ್ಧಪಡಿಸಿದ ಇಂಗ್ಲಿಷ್ ಆವೃತ್ತಿ 1897ರಲ್ಲಿ ಹೊರಬಂದಿತು. ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅದಕ್ಕೆ ಮುನ್ನುಡಿಯನ್ನು ಬರೆದರು.

ಹುಟ್ಟಿನಿಂದ ಸಾವಿನವರೆಗಿನ ಸಂಸ್ಕಾರಗಳು, ಜಾತಿಗಳ ಕಟ್ಟುಪಾಡುಗಳು, ಗುಡಿಗಳು, ಹಬ್ಬಗಳು, ಊಟ, ಉಡುಗೆ, ಸಹಗಮನ, ಕಥೆ ಗಾದೆಗಳು ಎಲ್ಲವೂ ಆ ಗ್ರಂಥದಲ್ಲಿವೆ. ಜೈನರನ್ನು ಕುರಿತ ಒಂದು ಅನುಬಂಧವೂ ಇದೆ. ಶ್ರವಣಬೆಳಗೊಳದ ಮಹಾಮೂರ್ತಿಯ ಪ್ರಸ್ತಾಪ ಅಲ್ಲಿ ಬರುತ್ತದೆ. ಆ ಕಾಲದ ದಕ್ಷಿಣ ಭಾರತದ ಜನಜೀವನವನ್ನು ತಿಳಿಯಬಯಸುವವರಿಗೆ ಅದು ಉಪಯುಕ್ತವಾದ ಆಕರ. ಆದರೆ ಅದು ದೋಷವಿಲ್ಲದ ಗ್ರಂಥವೇನೂ ಅಲ್ಲ. ಕೆಲವರಲ್ಲಿ ಕಂಡ ದೋಷವನ್ನು ಇಡೀ ಸಮುದಾಯಕ್ಕೆ ಅನ್ವಯಿಸಿ ಹೇಳಿದ ಕಟುವಾದ ತೀರ್ಪುಗಳು ಅದರಲ್ಲಿ ಹಲವಾಗಿವೆ. ಅನ್ಯಧರ್ಮದ ಆಚರಣೆಯನ್ನು ವರ್ಣಿಸುವಾಗ ಪಾದ್ರಿಯ ಪೂರ್ವಗ್ರಹ ಅಲ್ಲಲ್ಲಿ ತಲೆಯೆತ್ತುತ್ತದೆ. ಆದ್ದರಿಂದ ಅದನ್ನು ವಿವೇಚನೆಯಿಂದ ಓದಬೇಕು.

ಇದಕ್ಕಿಂತ ಗಂಭೀರವಾದ ವಿಷಯವೊಂದು ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದಿತು. ದುಬ್ವಾ ಅವರಿಗಿಂತ ಬಹಳ ಹಿಂದೆ, 1732ರಲ್ಲಿ, ಗಾಸ್ತೋಂ ಲೋರಾಂ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿ ಭಾರತಕ್ಕೆ ಬಂದಿದ್ದರು. ಅವರು ತೆಲುಗು ಮತ್ತು ಸಂಸ್ಕೃತಗಳನ್ನು ಕಲಿತ ಪಂಡಿತರು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ಸಂಬಂಧವನ್ನು 1767ರಷ್ಟು ಹಿಂದೆಯೇ ಗುರುತಿಸಿ ಫ್ರಾನ್ಸಿನ ವಿದ್ವಾಂಸರಿಗೆ ತಿಳಿಸಿದವರು. ಹಿಂದೂಗಳ ಆಚಾರಗಳನ್ನು ಕುರಿತು ಅವರು ಬರೆದಿಟ್ಟ ಗ್ರಂಥ ಅವರ ಹೆಸರಿನಲ್ಲಿ ಅಚ್ಚಾಗಲೇ ಇಲ್ಲ. 1779ರಲ್ಲಿ ಅವರು ಪುದುಚೇರಿಯಲ್ಲಿ ತೀರಿಕೊಂಡರು. ಆ ಗ್ರಂಥವನ್ನು ಆಧರಿಸಿ ಫ್ರೆಂಚ್ ಸೈನ್ಯಾಧಿಕಾರಿಯೊಬ್ಬನು 1777ರಲ್ಲಿ ಸಿದ್ಧಪಡಿಸಿದ ಹಸ್ತಪ್ರತಿಯನ್ನು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ದುಬ್ವಾ ಅವರ ಪುಸ್ತಕದೊಡನೆ ಹೋಲಿಸಿದರು. ದುಬ್ವಾ ಅವರ ಪುಸ್ತಕದ ಬಹುಭಾಗ ಕೂರ್ದೂ ಅವರ ಬರಹವನ್ನೇ ಅವಲಂಬಿಸಿದೆಯೆಂದು ಅವರು ಸಾಧಾರವಾಗಿ ತೋರಿಸಿದರು. 1987ರಲ್ಲಿ ಎರಡು ಸಂಪುಟಗಳಲ್ಲಿ ಈ ಅಧ್ಯಯನ ಪ್ರಕಟವಾಯಿತು. ದುಬ್ವಾ ಅದಕ್ಕೆ ತಾವು ಕಂಡು ಕೇಳಿದ ಸಂಗತಿಗಳನ್ನು ಸೇರಿಸಿದ್ದು ನಿಜ. ಆದರೆ ತಮ್ಮ ಗ್ರಂಥದ ಮೂಲವೆಂದು ಕೂರ್ದೂ ಅವರ ಹೆಸರನ್ನು ಸೂಚಿಸಲಿಲ್ಲ. ಇನ್ನೊಬ್ಬರ ಪರಿಶ್ರಮವನ್ನು ಬಳಸಿಕೊಂಡವನು ಅದನ್ನು ಕೃತಜ್ಞತೆಯಿಂದ ಹೇಳುವುದು ವಿದ್ವತ್ತಿನ ಮೊದಲ ಧರ್ಮ. ಆ ಧರ್ಮಕ್ಕೆ ಇಲ್ಲಿ ಲೋಪ ಬಂದಿದೆ. ಸುಮಾರು ಎರಡು ನೂರು ವರ್ಷ ಒಬ್ಬ ಪಂಡಿತರಿಗೆ ಸಲ್ಲಬೇಕಾದ ಕೀರ್ತಿ ಸಲ್ಲದೆ ಹೋಯಿತು. ದುಬ್ವಾ ಅವರ ಒಳ್ಳೆಯ ಕಾರ್ಯಗಳನ್ನು ನೆನೆಯುವಾಗ ಇದನ್ನು ಮರೆಮಾಚಬೇಕಾಗಿಲ್ಲ. ಇದನ್ನು ಹೇಳುವಾಗ ಅವರ ಒಳ್ಳೆಯ ಕಾರ್ಯಗಳನ್ನು ಮರೆಯಬೇಕಾಗಿಯೂ ಇಲ್ಲ.

ಮತಪ್ರಚಾರಕ್ಕಾಗಿ ಬಂದ ದುಬ್ವಾ ಆ ಕಾರ್ಯದಲ್ಲಿ ತಾವು ಗೆದ್ದೆನೆಂದು ಎಂದೂ ಹೇಳಿಕೊಳ್ಳಲಿಲ್ಲ. ಮೂವತ್ತು ವರ್ಷಗಳ ಅನುಭವದ ಮೇಲೆ, ಈ ದೇಶದ ಜನ ತಮ್ಮ ಧರ್ಮವನ್ನು ಬಿಟ್ಟು ಬರುವ ಸಂಭವವಿಲ್ಲವೆಂಬ ನಿರ್ಣಯಕ್ಕೆ ಬಂದರು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದರು. ಅದಕ್ಕಾಗಿ ಇತರ ಮಿಷನರಿಗಳ ಟೀಕೆಯನ್ನೂ ಎದುರಿಸಿದರು. ತನ್ನ ಜೀವಮಾನದ ಉದ್ದೇಶವೇ ಕೈಗೂಡಲಿಲ್ಲವೆಂದು ಬಹಿರಂಗವಾಗಿ ಹೇಳಲು ಧೈರ್ಯ ಬೇಕು. ಗ್ರಂಥದ ವಿಷಯದಲ್ಲಿ ಮೌನವಾಗಿದ್ದ ಮನುಷ್ಯನೇ ಈ ವಿಷಯದಲ್ಲಿ ಸತ್ಯವನ್ನು ನುಡಿದನೆಂಬುದು ಗಮನಿಸಬೇಕಾದ ಸಂಗತಿ.

1823ರ ಜನವರಿ 15ರಂದು ದುಬ್ವಾ ಭಾರತವನ್ನು ಬಿಟ್ಟು ಹೊರಟರು. ಕಂಪನಿ ಅವರಿಗೆ ವಿಶ್ರಾಂತಿ ವೇತನವನ್ನು ಗೊತ್ತುಮಾಡಿತು. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ವಿದ್ಯಾಲಯದಲ್ಲಿ ನೆಲೆಸಿ, ದೂರದೇಶಗಳಿಗೆ ಹೊರಡಲಿದ್ದ ತರುಣರ ಶಿಕ್ಷಣದ ಹೊಣೆಯಲ್ಲಿ ಭಾಗಿಯಾದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಭಾರತವನ್ನು ಬಿಟ್ಟರೂ ಅದರ ನೆನಪು ಅವರನ್ನು ಬಿಡಲಿಲ್ಲ. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. ಇದಕ್ಕಾಗಿ ತಮಿಳು, ತೆಲುಗು ಮತ್ತು ಕನ್ನಡದ ಪ್ರತಿಗಳನ್ನು ಬಳಸಿಕೊಂಡುದಾಗಿ ಅವರು ಪುಸ್ತಕದಲ್ಲಿಯೇ ತಿಳಿಸಿದರು. ಹೀಗೆ ನಮ್ಮ ನಾಡಿನ ಅಜ್ಜಿಯರು ಹೇಳುತ್ತಿದ್ದ ಮೊಸಳೆ ಕಪಿಗಳ ಕಥೆಗಳು ಪ್ಯಾರಿಸಿನ ಓದುಗರ ಕೈಗೂ ಸೇರಿದವು. 1848ರ ಫೆಬ್ರವರಿ 17ರಂದು ದುಬ್ವಾ ಕಾಲವಾದರು. ಅದಾದ ಕೆಲವೇ ದಿನಗಳಲ್ಲಿ ಪ್ಯಾರಿಸಿನಲ್ಲಿ ಮತ್ತೊಂದು ಕ್ರಾಂತಿ ನಡೆದು ಅರಸನು ಸಿಂಹಾಸನವನ್ನು ಬಿಟ್ಟು ಓಡಿದನು. ಕ್ರಾಂತಿಯ ನಡುವೆ ದೀಕ್ಷೆ ಪಡೆದವರು ಇನ್ನೊಂದು ಕ್ರಾಂತಿಯ ಹೊಸ್ತಿಲಲ್ಲಿ ಕಣ್ಣು ಮುಚ್ಚಿದರು.

ಸಾತಳ್ಳಿಯ ಸೀಮೆಯಲ್ಲಿಯೇ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಅವಶೇಷವಿದೆ. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟನ್ನು ಕಟ್ಟಿದ ಮೇಲೆ ಹಿನ್ನೀರು ಅದನ್ನು ಸುತ್ತುವರಿಯಿತು. ಮಳೆಗಾಲದಲ್ಲಿ ಅದು ಅರ್ಧ ಮುಳುಗಿ ನಿಲ್ಲುತ್ತದೆ. ಅದನ್ನು ದುಬ್ವಾ ಅವರೇ ಕಟ್ಟಿಸಿದರೆಂದು ಹೇಳುವವರುಂಟು. ಆದರೆ ಆ ಕಟ್ಟಡ 1860ರ ದಶಕದ್ದು. ಅಷ್ಟು ಹೊತ್ತಿಗೆ ದುಬ್ವಾ ತೀರಿಕೊಂಡು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಪ್ರಸಿದ್ಧರ ಹೆಸರಿಗೆ ಅವರದಲ್ಲದ ಕಾರ್ಯಗಳೂ ಹೀಗೆ ಬಂದು ಅಂಟಿಕೊಳ್ಳುತ್ತವೆ. ಯಾವುದು ಯಾರದೆಂದು ಬೇರ್ಪಡಿಸಿ ಸಲ್ಲಬೇಕಾದವರಿಗೆ ಸಲ್ಲಿಸುವುದೇ ಇತಿಹಾಸಕಾರನ ಕರ್ತವ್ಯ.

ಈ ಬೆಳಕಿನಲ್ಲಿ ನೋಡಿದಾಗ ಅಬೆ ದುಬ್ವಾ ಅವರ ಬಾಳು ನಮಗೊಂದು ಪಾಠವನ್ನು ಹೇಳುತ್ತದೆ. ಅವರಿಗೆ ಕೀರ್ತಿಯನ್ನು ತಂದ ಗ್ರಂಥದ ಹಿರಿದಾದ ಪಾಲನ್ನು ಇಂದು ಕೂರ್ದೂ ಅವರಿಗೆ ಹಿಂದಿರುಗಿಸಬೇಕಾಗಿದೆ. ಆದರೆ ಸಾತಳ್ಳಿಯ ಬೇಸಾಯದ ನೆಲೆಯನ್ನು ಅವರು ಯಾರಿಂದಲೂ ಎರವಲು ಪಡೆದಿರಲಿಲ್ಲ. ಸಿಡುಬಿನಿಂದ ಕಾಪಾಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರಲ್ಲಿ ಎಷ್ಟೋ ಮಂದಿ ಬೆಳೆದು, ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡಿರಬೇಕು. ಆ ಸಂತತಿ ಇಂದಿಗೂ ಈ ನಾಡಿನಲ್ಲಿ ಬಾಳುತ್ತಿರಬೇಕು. ತಮ್ಮ ಹಿರಿಯರನ್ನು ಉಳಿಸಿದವರು ಯಾರೆಂಬುದು ಅವರಿಗೆ ತಿಳಿದಿರಲಾರದು. ಅಚ್ಚಾದ ಪುಸ್ತಕದ ಮೇಲಣ ಹೆಸರನ್ನು ಕಾಲ ತಿದ್ದಬಲ್ಲದು. ಹೆಸರನ್ನು ಬಯಸದೆ ಮಾಡಿದ ಉಪಕಾರವನ್ನು ಅಳಿಸಲು ಅದಕ್ಕೆ ಸಾಧ್ಯವಿಲ್ಲ. ದೊಡ್ಡ ಸ್ವಾಮಿಯವರು ಎಂದು ಜನ ಪ್ರೀತಿಯಿಂದ ಕೊಟ್ಟ ಹೆಸರು ಅವರಿಗೆ ಸಲ್ಲುವುದು ಆ ಉಪಕಾರಕ್ಕಾಗಿಯೇ.